ಆಯಿಲ್ ಬಿಸಿಯಾಗುವ ತನಕ

ನಮ್ಮೂರಿನಲ್ಲಿ ಕಾರಿನ ವಿಷಯ ತೆಗೆಯಬಾರದು. ತೆಗೆದರೆ ಕಾಫಿ ಆರಿಹೋಗುತ್ತದೆ, ಕೇಕ್ ಒಣಗುತ್ತದೆ, ಮಾತು ಮಾತ್ರ ಮುಗಿಯುವುದಿಲ್ಲ. ಬೆಟ್ಟದ ಆಚೆಗೆ ನ್ಯೂರ್‌ಬುರ್ಗಿನ ರೇಸ್ ಟ್ರ್ಯಾಕ್ ಇದೆ. ಗಾಳಿ ಆ ಕಡೆಯಿಂದ ಬೀಸಿದ ದಿನ ಅಡುಗೆಮನೆಯಲ್ಲಿ ಕೂತೇ ಎಂಜಿನ್ನುಗಳ ಸದ್ದು ಕೇಳಬಹುದು. ಇಲ್ಲಿ ಹುಟ್ಟುವ ಮಕ್ಕಳು ಮೊದಲ ಅಳು ಅಳುವುದಕ್ಕೆ ಮುಂಚೆಯೇ ಆ ಸದ್ದು ಕೇಳಿಸಿಕೊಂಡಿರುತ್ತವೆ. ಈ ಸುತ್ತಿನ ಅರ್ಧ ಮಕ್ಕಳ ಹೆರಿಗೆ ಮಾಡಿಸಿದವಳು ನಾನೇ, ಹಾಗಾಗಿ ನನಗೆ ಗೊತ್ತು.

ಅಂಥ ಊರಿನಲ್ಲಿ ಆ ವರ್ಷ ನಾನೇ ಬಾಯಿಬಿಟ್ಟು ಕಾರಿನ ವಿಷಯ ತೆಗೆಯಬೇಕಾಗಿ ಬಂತು. ನನ್ನ ಹಳೆಯ ಕಾರನ್ನು ತಪಾಸಣೆಗೆ ಒಯ್ದಾಗ ಅಲ್ಲಿಯವನು ಅದರ ತುಕ್ಕು ಹಿಡಿದ ತಳಕ್ಕೆ ಸ್ಕ್ರೂಡ್ರೈವರ್ ಒತ್ತಿ ನೋಡಿದ. ಅದು ನೆನೆದ ಬಿಸ್ಕತ್ತಿನೊಳಗೆ ಇಳಿದ ಹಾಗೆ ಇಳಿಯಿತು. ಪಾಸಾದ ಸ್ಟಿಕ್ಕರ್ ಕೊಡಲಿಲ್ಲ, ಸಮಾಧಾನದ ನಾಲ್ಕು ಮಾತು ಹೇಳಿ ಕಳಿಸಿದ. ಸೂಲಗಿತ್ತಿಗೆ ಕಾರಿಲ್ಲದೆ ನಡೆಯುತ್ತದೆಯೇ? ಹತ್ತಿರದ ಊರಿನ ಹೆರಿಗೆ ವಾರ್ಡು ಮುಚ್ಚಿ ವರ್ಷಗಳಾದವು. ಈಗ ಏನಾದರೂ ಎಡವಟ್ಟಾದರೆ ಎರಡು ಕಣಿವೆ ದಾಟಿ ಕೆಳಗಿನ ಪಟ್ಟಣದ ಆಸ್ಪತ್ರೆಗೇ ಓಡಬೇಕು, ಹಾದಿಯುದ್ದಕ್ಕೂ ಬರೀ ತಿರುವು. ನನಗೆ ಬೇಕಿದ್ದದ್ದು ಐದು ಬಾಗಿಲಿನ ಚಿಕ್ಕ ಕಾರು. ಒತ್ತಿದರೆ ಓಡಬೇಕು, ತುಳಿದರೆ ನಿಲ್ಲಬೇಕು, ಹಿಂದೆ ಒಬ್ಬ ಗರ್ಭಿಣಿ ಕಾಲು ಚಾಚುವಷ್ಟು ಜಾಗ ಇರಬೇಕು, ಕೊಟ್ಟ ದುಡ್ಡಿಗೆ ಮೋಸ ಆಗಬಾರದು. ಇಷ್ಟನ್ನೇ ನನ್ನ ಅಡುಗೆಮನೆಯ ಮೇಜಿನಲ್ಲಿ ಇಬ್ಬರು ಗಂಡಸರ ಎದುರು ಹೇಳಿದೆ. ಆಮೇಲೆ ವಾರಗಟ್ಟಲೆ ನನಗೆ ನೆಮ್ಮದಿ ಅನ್ನುವುದು ಇರಲಿಲ್ಲ.

ಒಬ್ಬ ನನ್ನ ಅಣ್ಣ ಒಟ್ಮಾರ್. ಎದುರು ಮನೆ. ಜೀವಮಾನವೆಲ್ಲ ಚರ್ಚು, ಮನೆ, ಕೊಟ್ಟಿಗೆಗಳ ಮೇಲೆ ಹತ್ತಿ ಕಪ್ಪು ಕಲ್ಲಿನ ಹಂಚು ಹೊದಿಸಿದವನು. ಅವನದು ಬಿಎಂಡಬ್ಲ್ಯುವಿನ ಅತಿ ಚಿಕ್ಕ ಹ್ಯಾಚ್‌ಬ್ಯಾಕು, ಆದರೆ ಅದರ ಮೂಗಿನೊಳಗೆ ಆರು ಸಿಲಿಂಡರಿನ ಎಂಜಿನ್, ತಳ್ಳುವುದು ಹಿಂದಿನ ಚಕ್ರ. ಮುಂದಿನ ಚಕ್ರ ಇರುವುದು ತಿರುಗಲಿಕ್ಕೆ, ಹಿಂದಿನದು ತಳ್ಳಲಿಕ್ಕೆ ಅನ್ನುವುದು ಅವನ ವಾದ. ಎರಡೂ ಕೆಲಸ ಮುಂದಿನದಕ್ಕೇ ಹೊರಿಸುವುದೆಂದರೆ ಹಂಚು ಹೊದಿಸುವವನಿಗೇ ಏಣಿಯನ್ನೂ ಹಿಡಿದುಕೋ ಅಂದ ಹಾಗೆ ಅನ್ನುತ್ತಿದ್ದ.

ಇನ್ನೊಬ್ಬರು ಪಕ್ಕದ ಮನೆಯ ಹೆರಿಬರ್ಟ್ ಕ್ಲಾಸೆನ್. ಭೂಮಾಪನ ಇಲಾಖೆಯಲ್ಲಿದ್ದು ನಿವೃತ್ತರಾದವರು, ಉತ್ತರದ ಬಯಲು ಪ್ರದೇಶದಿಂದ ಬಂದು ನಮ್ಮ ಗುಡ್ಡದಲ್ಲಿ ಮನೆ ಮಾಡಿದವರು. ಅವರದು ಗಾಲ್ಫ್ ಜಿಟಿಐ ಕಾರು, ಎಳೆಯುವುದು ಮುಂದಿನ ಚಕ್ರ. ಅವರ ಪ್ರಕಾರ ಕೊನೆಯ ಒಂದು ಚೂರು ವೇಗಕ್ಕೆ ಕಂಪನಿಯವರು ಕೇಳುವ ದುಡ್ಡು ಬರೀ ಒಣಜಂಭದ ದುಡ್ಡು. ಓಡುವುದರಲ್ಲಿ ಹೆಚ್ಚೂಕಡಿಮೆ ಅಷ್ಟೇ ಓಡುತ್ತದೆ, ಡಿಕ್ಕಿಯಲ್ಲಿ ವಾರದ ಸಾಮಾನು ಹಿಡಿಸುತ್ತದೆ, ಟೈರು ಅಗ್ಗ, ಮಾರಿದರೆ ಒಳ್ಳೆಯ ಬೆಲೆ ಬರುತ್ತದೆ, ಇನ್ನೇನು ಬೇಕು ಅನ್ನುತ್ತಿದ್ದರು. ಸೀಟಿನ ಆ ಚೌಕಳಿ ಬಟ್ಟೆ ನೋಡಿಯೇ ಮನಸೋತದ್ದು ಅಂತಲೂ ಒಪ್ಪಿಕೊಂಡಿದ್ದರು. ತಮಾಷೆಯೆಂದರೆ ಮಾರುವಾಗ ಬೆಲೆ ಇಳಿಯಬಾರದೆಂದು ಮೊದಲ ದಿನವೇ ಅದಕ್ಕೆ ಕವರ್ ಹಾಕಿಸಿದ್ದರು. ಆ ಚೌಕಳಿಯನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

ಇಬ್ಬರೂ ವರ್ಷಗಳಿಂದ ಹೆರಿಬರ್ಟರ ಬೇಲಿಯ ಆಚೆ ಈಚೆ ನಿಂತು ಜಗಳ ಆಡಿದವರು. ಇವನು ಅವರ ಕಾರಿನಲ್ಲಿ ಕೂತವನಲ್ಲ, ಅವರು ಇವನ ಕಾರಿನಲ್ಲಿ ಕೂತವರಲ್ಲ. ಮಾತೆಲ್ಲ ‘ನೀವು’, ‘ಕ್ಲಾಸೆನ್ ಅವರೆ’ ಅನ್ನುವ ಲೆಕ್ಕದಲ್ಲೇ. ಆದರೆ ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮತ. ಎಂಜಿನ್ ಆಯಿಲ್ ಬಿಸಿಯಾಗುವ ತನಕ ಆಕ್ಸಿಲರೇಟರ್ ಜೋರಾಗಿ ಒತ್ತಬಾರದು, ಒತ್ತಿದರೆ ಎಂಜಿನ್ ಸವೆದುಹೋಗುತ್ತದೆ. ಮೊದಲ ಹತ್ತು ಹದಿನೈದು ಕಿಲೋಮೀಟರು ಮದುವಣಗಿತ್ತಿಯ ಮೆರವಣಿಗೆಯ ಹಾಗೆ ಹೋಗಬೇಕು. ಜೋರಾಗಿ ಓಡಿಸಿದ ಮೇಲೆಯೂ ಅಷ್ಟೇ, ಮನೆ ಹತ್ತಿರ ಬರುತ್ತಾ ನಿಧಾನ ಮಾಡಿ ಎಂಜಿನ್ನನ್ನು ತಣಿಸಿಯೇ ಕೀಲಿ ತಿರುಗಿಸಬೇಕು.

ಇದು ನಮ್ಮ ಕಡೆ ಬರೀ ಸಲಹೆಯಲ್ಲ, ನೇಮ. ಒಟ್ಮಾರ್ ಹತ್ತಿರದ ಬೇಕರಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದ. ಅಷ್ಟು ದೂರಕ್ಕೆ ಕಾರು ತೆಗೆದರೆ ಆಯಿಲ್ ಬಿಸಿಯಾಗುವುದಿಲ್ಲವಲ್ಲ. ಹೆರಿಬರ್ಟ್ ಪ್ರತಿ ಶನಿವಾರ ಎರಡು ಕಣಿವೆ ದಾಟಿ ಕೆಳಗಿನ ಪಟ್ಟಣದ ಬೇಕರಿಯಿಂದ ಬನ್ ತರುತ್ತಿದ್ದರು. ಅಲ್ಲಿಯದು ಅಗ್ಗ ಅಂತ ಬಾಯಲ್ಲಿ ಹೇಳುತ್ತಿದ್ದರು, ನಿಜವಾದ ಕಾರಣ ಆಯಿಲ್. ಮನೆಗೆ ಬರುವಷ್ಟರಲ್ಲಿ ಬನ್ ತಣ್ಣಗಾಗಿರುತ್ತಿತ್ತು, ಎಂಜಿನ್ ಬಿಸಿಯಾಗಿರುತ್ತಿತ್ತು, ಅವರಿಗೆ ಸಂತೋಷವಾಗಿರುತ್ತಿತ್ತು. ನಾನೋ, ಹೆರಿಗೆ ಅಂತ ಫೋನ್ ಬಂದರೆ ಕೀಲಿ ತಿರುಗಿಸಿ ಹೊರಟೇಬಿಡುವವಳು. ನನ್ನ ಕಾರು ಹೊರಡುವ ಸದ್ದು ಕೇಳಿದರೆ ಎರಡೂ ಮನೆಯ ಕಿಟಕಿಯಲ್ಲಿ ಎರಡು ಮುಖ ಕಿವುಚಿಕೊಳ್ಳುತ್ತಿದ್ದವು.

ಕೊನೆಗೆ ಇಬ್ಬರೂ ತಮ್ಮ ತಮ್ಮ ಕೀಲಿ ತಂದು ಮೇಜಿನ ಮೇಲಿಟ್ಟರು. ಓಡಿಸಿ ನೋಡಿ ನೀನೇ ತೀರ್ಪು ಹೇಳು ಎಂದರು. ನಾನು ಆಸ್ಪತ್ರೆಯ ಹಾದಿಯಲ್ಲೇ ಎರಡನ್ನೂ ಓಡಿಸಿದೆ, ಮೊದಲು ಮದುವಣಗಿತ್ತಿಯ ಹಾಗೆ, ಆಮೇಲೆ ನನ್ನ ಹಾಗೆ. ಸುಳ್ಳು ಹೇಳುವುದಿಲ್ಲ, ಎರಡೂ ಕಾರು ನನ್ನ ಬಾಯಿ ಮುಚ್ಚಿಸಿದವು. ಅಣ್ಣನದರಲ್ಲಿ ಏರಿನ ಬುಡದಲ್ಲಿ ಒತ್ತಿದೆ, ಬೆನ್ನಿಗೆ ಯಾರೋ ದೊಡ್ಡ ಅಂಗೈ ಇಟ್ಟು ಎತ್ತಿದ ಹಾಗಾಯಿತು. ಆ ಎಂಜಿನ್ನಿನ ದನಿ ಎಷ್ಟು ನಯವೆಂದರೆ ನಿಲ್ಲಿಸಲು ಮನಸ್ಸೇ ಬರಲಿಲ್ಲ. ಗಾಲ್ಫ್ ಅಷ್ಟು ಸದ್ದು ಮಾಡುವುದಿಲ್ಲ. ಆದರೆ ತಿರುವಿನಲ್ಲಿ ಸ್ಟೀರಿಂಗ್ ಎಲ್ಲಿ ತೋರಿಸುತ್ತೀಯೋ ಅಲ್ಲಿಗೆ ಮೂಗು ಇಡುತ್ತದೆ, ಕೆಟ್ಟ ಟಾರಿನ ಮೇಲೂ ಹಲ್ಲು ಕಡಿಯುವುದಿಲ್ಲ, ಬ್ರೇಕು ಮಾತು ಕೇಳುತ್ತದೆ. ಹಿಂದಿನ ಸೀಟು ಅಣ್ಣನದಕ್ಕಿಂತ ಅಗಲ. ಎರಡೂ ಚೆನ್ನಾಗಿವೆ ಎಂದು ಬಂದು ಹೇಳಿದೆ. ಇಬ್ಬರಿಗೂ ಅವಮಾನವಾಯಿತು, ಎದ್ದು ಹೋದರು.

ಅದಾಗಿ ಒಂದು ವಾರಕ್ಕೆ ಆ ಶನಿವಾರ. ಅಣ್ಣನ ಮಗಳು ಮಾರೆನ್ ತುಂಬು ಗರ್ಭಿಣಿ, ಅಪ್ಪನ ಮನೆಗೆ ಬಂದಿದ್ದಳು. ಅವಳ ಗಂಡನಿಗೆ ಸಮುದ್ರದೊಳಗಿನ ಗಾಳಿಯಂತ್ರಗಳ ರಿಪೇರಿ ಕೆಲಸ, ವಾರಾಂತ್ಯಕ್ಕೆ ದಡಕ್ಕೆ ಬರಬೇಕಿತ್ತು. ಅತ್ತಿಗೆ ಮಂಡಿನೋವಿನ ಚಿಕಿತ್ಸೆಗೆ ಬಿಸಿನೀರಿನ ಬುಗ್ಗೆಯ ಊರಿಗೆ ಹೋಗಿದ್ದಳು. ಬೆಳಿಗ್ಗೆ ನಾನು ಮನೆಯ ಮುಂದಿನ ಎಲೆ ಗುಡಿಸುತ್ತಿದ್ದೆ. ಒಟ್ಮಾರ್ ಬಾಗಿಲಿಗೆ ಬಂದು ನನ್ನ ಹೆಸರು ಕೂಗಿದ. ಕೂಗಿದ್ದು ಒಂದೇ ಸಲ. ಆ ದನಿ ಕೇಳಿಯೇ ಪೊರಕೆ ಬಿಸಾಕಿ, ಹೆರಿಗೆಯ ಚೀಲ ಎತ್ತಿಕೊಂಡು ಓಡಿದೆ.

ಮಾರೆನ್ ಮಂಚದ ಅಂಚಿಗೆ ಕೂತಿದ್ದಳು, ಮುಖ ಬಿಳಿಚಿತ್ತು. ರಕ್ತ ಹೋಗುತ್ತಿತ್ತು. ಹೊಟ್ಟೆ ಮುಟ್ಟಿದರೆ ಹಲಗೆಯ ಹಾಗೆ ಬಿಗಿ. ಮಗುವಿನ ಎದೆಬಡಿತ ಕೇಳಿದೆ, ನಿಧಾನವಾಗಿತ್ತು, ಇರಬೇಕಾದ್ದಕ್ಕಿಂತ ಬಹಳ ನಿಧಾನ. ಮಾಸು ಗರ್ಭಕೋಶದಿಂದ ಕಳಚಿಕೊಳ್ಳುತ್ತಿದೆ, ಬೇಗ ಆಪರೇಷನ್ ಆಗದಿದ್ದರೆ ಮಗು ಉಳಿಯುವುದಿಲ್ಲ, ತಡವಾದರೆ ತಾಯಿ ಉಳಿಯುವುದೂ ಕಷ್ಟ. ತುರ್ತು ಫೋನಿನವರು ಹೆದ್ದಾರಿಯಲ್ಲಿ ದೊಡ್ಡ ಅಪಘಾತವಾಗಿದೆ ಎಂದರು. ಹತ್ತಿರದ ಆಂಬುಲೆನ್ಸೂ ಹೆಲಿಕಾಪ್ಟರೂ ಅಲ್ಲೇ ಇದ್ದವು. ಬೇರೆ ಕಡೆಯಿಂದ ಗಾಡಿ ಬರುವಷ್ಟರಲ್ಲಿ ನಾವೇ ಆಸ್ಪತ್ರೆ ಸೇರಬಹುದಿತ್ತು. ಆಪರೇಷನ್ ಕೋಣೆ ಸಿದ್ಧ ಮಾಡಿಸಿ, ನಾವೇ ತರುತ್ತೇವೆ ಎಂದು ಹೇಳಿ ಫೋನ್ ಇಟ್ಟೆ.

ಅಣ್ಣ ಕಾರು ತೆಗೆದ. ಮಾರೆನಳನ್ನು ಹಿಂದಿನ ಸೀಟಿನಲ್ಲಿ ಓರೆಯಾಗಿ ಮಲಗಿಸಿ, ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ನಾನು ಮುದುಡಿ ಕೂತೆ. ಕಾರು ಹೊರಟಿತು. ಚರ್ಚು ದಾಟಿತು, ಅಗ್ನಿಶಾಮಕದವರ ಶೆಡ್ಡು ದಾಟಿತು. ನನಗೆ ಯಾಕೋ ಸರಿ ಅನ್ನಿಸಲಿಲ್ಲ. ಆ ಎಂಜಿನ್ನು ಗುರುಗುಟ್ಟುತ್ತಿತ್ತೇ ಹೊರತು ಎಳೆಯುತ್ತಿರಲಿಲ್ಲ. ಊರು ಮುಗಿದರೂ ಅವನು ಮೆರವಣಿಗೆಯ ವೇಗದಲ್ಲೇ ಇದ್ದ.

“ಒತ್ತೋ,” ಅಂದೆ. “ಏನ್ ಮಾಡ್ತಿದೀಯ ನೀನು?”

“ಆಯಿಲ್ ತಣ್ಣಗಿದೆ,” ಅಂದ.

ಅವನು ಅದನ್ನು ಯೋಚಿಸಿ ಹೇಳಲಿಲ್ಲ. ಸೀನಿದವರಿಗೆ ದೇವರು ಒಳ್ಳೇದು ಮಾಡಲಿ ಅಂತ ಬಾಯಿಗೆ ತಾನೇ ಬರುತ್ತದಲ್ಲ, ಹಾಗೆ ಬಂತು. ನನಗೆ ತಲೆ ಕೆಟ್ಟುಹೋಯಿತು. ಅವನ ಕಾರು, ಅವನ ಎಂಜಿನ್ನು, ಅವನ ವಂಶ ಎಲ್ಲಕ್ಕೂ ಸೇರಿಸಿ ಬೈದೆ, ಆ ವಂಶದಲ್ಲಿ ನಾನೂ ಇದ್ದೇನೆ ಅನ್ನುವುದೂ ಮರೆತಿತ್ತು. ಮಾರೆನ್ ಕಣ್ಣು ಮುಚ್ಚಿಕೊಂಡು ನನ್ನ ಕೈ ಹಿಸುಕುತ್ತಿದ್ದಳು. ಕನ್ನಡಿಯಲ್ಲಿ ಅಣ್ಣನ ಹಣೆ ಕಾಣುತ್ತಿತ್ತು, ಬೆವರಿನಿಂದ ತೊಯ್ದಿತ್ತು.

“ಗೊತ್ತು ಆಗ್ನೆಸ್,” ಅಂದ. “ಗೊತ್ತು ನನಗೆ. ಕಾಲು ಹೋಗ್ತಿಲ್ಲ.”

ನಾನು ಬೈಯುವುದನ್ನು ನಿಲ್ಲಿಸಿದೆ. ಒಬ್ಬ ಮನುಷ್ಯ ನಲವತ್ತು ವರ್ಷ ಒಂದು ನೇಮವನ್ನು ಕಾಲಿಗೆ ಕಲಿಸಿದರೆ ಕಾಲು ಅದನ್ನೇ ಮಾಡುತ್ತದೆ, ಮೇಲೆ ತಲೆ ಏನು ಕಿರುಚಿದರೂ ಅದಕ್ಕೆ ಕೇಳಿಸುವುದಿಲ್ಲ. ನಾನು ಮುಂದಕ್ಕೆ ಬಾಗಿ ಅವನ ಮಂಡಿಯನ್ನು ಕೈಯಿಂದಲೇ ಅದುಮಬೇಕೆಂದಿದ್ದೆ. ಅಷ್ಟರಲ್ಲಿ ಊರಾಚೆಯ ಕಲ್ಲುಶಿಲುಬೆಯ ತಿರುವಿನಲ್ಲಿ ಎದುರಿನಿಂದ ಹೆರಿಬರ್ಟರ ಕೆಂಪು ಗಾಲ್ಫ್ ಬಂತು. ಶನಿವಾರ, ಬನ್ನು.

ಒಟ್ಮಾರ್ ಹೆಡ್‌ಲೈಟ್ ಮಿನುಗಿಸಿ ಹಾದಿಗೆ ಅಡ್ಡ ನಿಲ್ಲಿಸಿದ. ಇಳಿದು ಓಡಿದ. ಹೆರಿಬರ್ಟ್ ಕಿಟಕಿ ಇಳಿಸಿದರು.

“ಬಿಸಿ ಇದ್ಯಾ ನಿಮ್ದು?”

“ತೊಂಬತ್ತು ಡಿಗ್ರಿ ದಾಟಿದೆ,” ಅಂದರು ಹೆರಿಬರ್ಟ್. ಆಮೇಲೆ ನಮ್ಮ ಕಾರಿನ ಹಿಂದಿನ ಸೀಟಿನತ್ತ ನೋಡಿದರು. ಏನು ಎತ್ತ ಎಂದು ಕೇಳಲಿಲ್ಲ. ಇಳಿದು ಹಿಂದಿನ ಬಾಗಿಲು ತೆಗೆದು, ಆ ಜಾರುವ ಸೀಟು ಕವರನ್ನು ಎರಡು ಕೈಯಿಂದಲೂ ಹಿಡಿದು ಕಿತ್ತೆಸೆದರು, ಮಾರೆನ್ ಜಾರಬಾರದೆಂದು. ಅಂಚಿನ ಹೊಲಿಗೆ ಹರಿದ ಸದ್ದು ನನಗೆ ಕೇಳಿಸಿತು. ಕೆಳಗೆ ಚೌಕಳಿ ಬಟ್ಟೆ ಅಂಗಡಿಯಿಂದ ಬಂದ ದಿನದ ಹಾಗೇ ಇತ್ತು. ಅದರ ಮೇಲೆ ಅವಳನ್ನು ಮಲಗಿಸಿದೆವು.

ಒಟ್ಮಾರ್ ತನ್ನ ಕೀಲಿಯನ್ನು ಅವರ ಕೈಗೆ ಹಾಕಿದ. “ಮೊದ್ಲು ನಿಧಾನ,” ಅಂದ, ಆ ಹೊತ್ತಿನಲ್ಲೂ.

“ನನಗೆ ಹೇಳ್ಕೊಡ್ಬೇಕಾ?” ಅಂದರು ಅವರು.

ಬುದ್ಧಿ ನೆಟ್ಟಗಿರುವ ಯಾರೂ ಹೀಗೆ ಮಾಡುವುದಿಲ್ಲ. ತಣ್ಣನೆಯ ಎಂಜಿನ್ನನ್ನೇ ತುಳಿದು ಓಡಿಸಿದ್ದರೆ ಕಾರು ಬದಲಿಸಿದ ಹೊತ್ತಾದರೂ ಉಳಿಯುತ್ತಿತ್ತು ಎಂದು ಈಗಲೂ ನನಗನ್ನಿಸುತ್ತದೆ. ಆದರೆ ಗಾಲ್ಫಿನ ಸ್ಟೀರಿಂಗ್ ಹಿಡಿದ ಮೇಲೆ ಅಣ್ಣನ ಕಾಲಿಗೆ ಬಿಡುಗಡೆ ಸಿಕ್ಕಿತು. ಗೇರು ಬಿತ್ತು, ಕಾರು ನೆಗೆಯಿತು, ಶಿಲುಬೆ ಹಿಂದೆ ಹೋಯಿತು.

ನಾನು ಅವನು ಓಡಿಸುವುದನ್ನು ಬಹಳ ಸಲ ನೋಡಿದ್ದೇನೆ, ಆದರೆ ಆವತ್ತು ಓಡಿಸಿದ್ದೇ ಬೇರೆ. ತಿರುವಿಗೆ ಬಹಳ ಮುಂಚೆ ಬ್ರೇಕು ಮೆಲ್ಲಗೆ ತುಳಿಯುತ್ತಿದ್ದ, ತಿರುವಿನ ಮಧ್ಯದಲ್ಲಿ ಕೈ ಅಲುಗುತ್ತಿರಲಿಲ್ಲ, ಹಾದಿ ತೆರೆದುಕೊಂಡ ಕೂಡಲೇ ಪೂರ್ತಿ ಒತ್ತುತ್ತಿದ್ದ. ಬೀಚ್ ಮರಗಳು ಎರಡೂ ಕಡೆ ಕಂದು ಗೋಡೆಯಾಗಿ ಹೋಗುತ್ತಿದ್ದವು. ಅಷ್ಟು ವೇಗದಲ್ಲಿಯೂ ಮುಂದಿನ ಸೀಟಿನ ಮೇಲಿಟ್ಟಿದ್ದ ನನ್ನ ಚೀಲ ಇದ್ದಲ್ಲೇ ಇತ್ತು. ಒದ್ದೆ ಎಲೆ ಬಿದ್ದ ಇಳಿಜಾರಿನಲ್ಲಿ ನಾನು ಮಾರೆನಳ ಭುಜ ಬಿಗಿಹಿಡಿದೆ. ಆ ಕಾರು ಒಂದಿಷ್ಟು ಸರಿದು, ತನ್ನನ್ನು ತಾನೇ ಹಿಡಿದುಕೊಂಡು, ಏನೂ ಆಗದ ಹಾಗೆ ಮುಂದಕ್ಕೆ ಹೋಯಿತು. ಅದನ್ನು ಕಟ್ಟಿದ ಕೈಗಳಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಓಡಿಸುತ್ತಿದ್ದ ಕೈಗಳ ಬಗ್ಗೆ ನನಗೆ ಹೆಮ್ಮೆಯಾಯಿತು, ಇಷ್ಟು ಹೊತ್ತು ಬೈದಿದ್ದರೂ.

“ಅತ್ತೆ, ಕೇಳಿಸ್ತಿದ್ಯಾ ಇನ್ನೂ?” ಎಂದು ಮಾರೆನ್ ಕೇಳಿದಳು. ನಾನು ಎದೆಬಡಿತ ಕೇಳುವ ಯಂತ್ರವನ್ನು ಅವಳ ಹೊಟ್ಟೆಗೆ ಒತ್ತಿ ಹಿಡಿದಿದ್ದೆ. ಕೇಳಿಸುತ್ತಿತ್ತು. ನಿಧಾನವಾಗಿಯೇ ಇತ್ತು, ಆದರೆ ನಿಂತಿರಲಿಲ್ಲ. ಕೇಳಿಸುತ್ತಿದೆ ಎಂದೆ. ಮುಂದಿನ ಸೀಟಿನಲ್ಲಿ ಒಟ್ಮಾರನ ಭುಜ ಕೊಂಚ ಇಳಿಯಿತು.

ಬಾಗಿಲಲ್ಲಿ ಆಸ್ಪತ್ರೆಯವರು ಸ್ಟ್ರೆಚರ್ ಹಿಡಿದು ಕಾದಿದ್ದರು. ಕಾರು ನಿಂತದ್ದೇ ತಡ, ಅಣ್ಣ ಎಂಜಿನ್ ಪಟಕ್ಕನೆ ಆಫ್ ಮಾಡಿದ. ತಣಿಸಲಿಲ್ಲ, ಕಾಯಲಿಲ್ಲ. ಅದನ್ನು ನಾನು ಗಮನಿಸಿದೆ. ಆಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ನಾವಿಬ್ಬರೂ ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆವು. ನಾನು ಎಷ್ಟೋ ಜನರನ್ನು ಆ ಕುರ್ಚಿಗಳಲ್ಲಿ ಕೂರಿಸಿ ಧೈರ್ಯ ಹೇಳಿದ್ದೇನೆ. ಆವತ್ತು ನಾನೇ ಅಣ್ಣನ ಪಕ್ಕ ಕೂತು ಆ ಬಾಗಿಲು ನೋಡುತ್ತಿದ್ದೆ.

ಡಾಕ್ಟರು ಬಂದರು. ಹೆಣ್ಣುಮಗು, ಅತ್ತಿದೆ, ಉಸಿರಾಡುತ್ತಿದೆ. ಮಾರೆನ್‌ಗೆ ರಕ್ತ ಕೊಡುತ್ತಿದ್ದಾರೆ, ಅಪಾಯ ಇಲ್ಲ. ನಾನು ಅತ್ತುಬಿಟ್ಟೆ. ಒಟ್ಮಾರ್ ತಲೆಯಾಡಿಸಿ, ಕಾರು ಬಾಗಿಲಿಗೆ ಅಡ್ಡ ನಿಂತಿದೆ, ತೆಗೆಯಬೇಕು ಎಂದು ಎದ್ದು ಹೋದ. ಮತ್ತೆ ಬರಲಿಲ್ಲ.

ಬಂದವರು ಹೆರಿಬರ್ಟ್. ಅಷ್ಟು ತಡ ಯಾಕೆಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ಇಬ್ಬರೂ ಕ್ಷೇಮ ಎಂದಾಗ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಆಮೇಲೆ ಒಟ್ಮಾರ್ ಎಲ್ಲಿ ಎಂದರು. ಇಬ್ಬರೂ ಹುಡುಕಿಕೊಂಡು ಹೊರಗೆ ಹೋದೆವು.

ಗಾಲ್ಫ್ ಪಾರ್ಕಿಂಗಿನ ಕೊನೆಯ ಸಾಲಿನಲ್ಲಿತ್ತು. ಎಂಜಿನ್ ಆಫ್. ಅವನು ಸ್ಟೀರಿಂಗನ್ನು ಎರಡೂ ಕೈಯಿಂದ ಹಿಡಿದು ಕೂತು ಅಳುತ್ತಿದ್ದ, ದೊಡ್ಡ ಗಂಡಸರು ಅಳುವ ಹಾಗೆ, ಸದ್ದಿಲ್ಲದೆ. ಹೆರಿಬರ್ಟ್ ತಮ್ಮದೇ ಕಾರಿನ ಪಕ್ಕದ ಸೀಟಿನ ಬಾಗಿಲು ತೆಗೆದು ಒಳಗೆ ಕೂತರು. ನಾನು ತೆರೆದ ಬಾಗಿಲಿಗೆ ಒರಗಿ ನಿಂತೆ.

“ಆ ಶಿಲುಬೆ ತನಕ ನಿಧಾನ ಬಂದೆ,” ಅಂದ ಅಣ್ಣ, ಯಾರನ್ನೂ ನೋಡದೆ. “ನನ್ನ ಮಗಳು ಹಿಂದೆ ಮಲ್ಗಿದ್ಲು. ನಾನು ಆಯಿಲ್ ನೋಡ್ತಿದ್ದೆ.”

ಅವನಿಗೆ ಹೇಳಬೇಕೆಂದು ನಾನು ಕೂಡಿಟ್ಟುಕೊಂಡಿದ್ದ ಮಾತು ಬಹಳ ಇತ್ತು. ಮಗು ಉಳಿದಿದೆ ಎಂದಷ್ಟೇ ಹೇಳಿದೆ.

“ನಾನಾಗಿದ್ರೂ ನಿಧಾನವೇ ಬರ್ತಿದ್ದೆ,” ಅಂದರು ಹೆರಿಬರ್ಟ್. “ನಿನ್ನಷ್ಟು ಬೇಗ ಇಳಿದು ಇನ್ನೊಬ್ಬನ ಕಾರು ಕೇಳ್ತಿದ್ನೋ ಇಲ್ವೋ, ಅದು ಗೊತ್ತಿಲ್ಲ.”

ಅಷ್ಟು ವರ್ಷದ ‘ನೀವು’ ಹಾದಿಯಲ್ಲಿ ಯಾವುದೋ ತಿರುವಿನಲ್ಲಿ ಬಿದ್ದುಹೋಗಿತ್ತು. ಇಬ್ಬರೂ ಗಮನಿಸಿದ ಹಾಗೆ ತೋರಲಿಲ್ಲ. ಹೆರಿಬರ್ಟ್ ಕಾಲ ಬುಡದಿಂದ ಬನ್ನಿನ ಚೀಲ ಎತ್ತಿ, ಒಂದನ್ನು ಮುರಿದು ಅರ್ಧ ಅವನಿಗೆ ಕೊಟ್ಟರು. ಇನ್ನೊಂದು ಬನ್ ನನಗೆ. ಕಲ್ಲಿನ ಹಾಗಿತ್ತು, ಆದರೂ ತಿಂದೆವು.

“ಸೀಟು ಹಾಳಾಯ್ತು ನಿಂದು,” ಅಂದ ಅಣ್ಣ.

ಹೆರಿಬರ್ಟ್ ತಿರುಗಿ ಹಿಂದಿನ ಸೀಟು ನೋಡಿದರು. ಹೋಗಲಿ ಬಿಡು, ನಾನು ಇದನ್ನು ಮಾರುವುದಿಲ್ಲ ಎಂದರು.

ಒಟ್ಮಾರ್ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದ. ಕಾರು ತಗೊಳ್ಳುವುದಾದರೆ ಇಂಥದ್ದನ್ನೇ ತಗೋ, ಒದ್ದೆ ಎಲೆಯ ಮೇಲೆ ಹೇಗೆ ನಿಂತಿತು ನೋಡಿದೆಯಲ್ಲ, ಕೊಟ್ಟ ದುಡ್ಡಿಗೆ ಇದಕ್ಕಿಂತ ಇನ್ನೇನು ಬೇಕು ಎಂದ. ಹೆರಿಬರ್ಟ್ ಸುಮ್ಮನಿರಲಿಲ್ಲ. ಬೇಡ, ಅವನದರಂಥದ್ದನ್ನೇ ತಗೊಳ್ಳಿ, ಆಯಿಲ್ ಬಿಸಿಯಾದ ಮೇಲೆ ಆ ದೊಡ್ಡ ಏರಿನಲ್ಲಿ ಒಂದು ಸಲ ಪೂರ್ತಿ ಒತ್ತಿದೆ, ಅಂಥದ್ದಕ್ಕೆ ಬೆಲೆ ಕಟ್ಟುವುದೇ ತಪ್ಪು ಎಂದರು. ಆಮೇಲೆ ಇಬ್ಬರಿಗೂ ಅಲ್ಲೇ ಜಗಳ ಹತ್ತಿಕೊಂಡಿತು, ಇವನು ಅವರ ಪರ, ಅವರು ಇವನ ಪರ. ಈಗಲೂ ಬೇಲಿಯ ಬಳಿ ಹೀಗೆಯೇ ನಡೆದಿದೆ. ನಾನು ತಗೊಂಡದ್ದು ಇನ್ನೊಂದು ಗಾಲ್ಫ್, ಕಾರಣ ಹಿಂದಿನ ಸೀಟು. ಆದರೂ ಏರು ಬಂದಾಗಲೆಲ್ಲ ಅಣ್ಣನ ಕಾರು ನೆನಪಾಗುತ್ತದೆ.

ಮಗುವನ್ನು ನೋಡುವ ಯೋಚನೆ ಯಾರಿಗಾದರೂ ಇದೆಯೇ ಎಂದು ನಾನು ಕೇಳಿದ ಮೇಲೆ ಇಬ್ಬರೂ ಇಳಿದರು. ಹಾದಿಯುದ್ದಕ್ಕೂ ಮಾತು ನಿಲ್ಲಲಿಲ್ಲ, ವಾರ್ಡಿನ ಬಾಗಿಲಲ್ಲಿ ಮಾತ್ರ ನಿಂತಿತು. ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದು ಒಟ್ಮಾರನ ಕೈಗೆ ಕೊಟ್ಟಳು. ಚಳಿಯಲ್ಲೂ ಬಿಸಿಲಲ್ಲೂ ಕಲ್ಲು ಒಡೆದ ಅವನ ಅಂಗೈ ಆ ಬೆನ್ನಿಗಿಂತ ದೊಡ್ಡದಿತ್ತು. ಆಮೇಲೆ ಮಗುವನ್ನು ಹೆರಿಬರ್ಟರ ಕಡೆಗೆ ಒಂದಿಷ್ಟು ಚಾಚಿದ.

“ಮುಟ್ಟಿ ನೋಡು,” ಅಂದ. “ಎಷ್ಟು ಬಿಸಿ ಇದೆ.”